ತಂತ್ರಾಂಶದ ದೋಷಪರಿಹಾರ: ಅದರ ಬೆಲೆಯ ಇತಿಹಾಸ

ಗಣಕಯಂತ್ರದ ತಂತ್ರಾಂಶದಲ್ಲಿ ದೋಷವು ಕಂಡುಬಂದಾಗ ಅದನ್ನು ತಿದ್ದಿಕೊಡುವುದು ತಯಾರಕನ ಕರ್ತವ್ಯವೋ ಅಥವಾ ಅದಕ್ಕೆ ಅವನು ಬೇರೆ ಹಣ ಕೇಳಬಹುದೋ ಎಂಬ ಪ್ರಶ್ನೆಯು ಈಚಿನದೆಂದು ತೋರುತ್ತದೆ. ಆದರೆ ಅದಕ್ಕೆ ಅರ್ಧ ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ.

ಮೊದಮೊದಲು ತಂತ್ರಾಂಶವು ಯಂತ್ರದೊಡನೆ ಬರುವ ಪರಿಕರವಾಗಿತ್ತು. 1955ರಲ್ಲಿ ಅಮೆರಿಕದ ಐಬಿಎಂ 704 ಯಂತ್ರದ ಬಳಕೆದಾರರು ‘ಷೇರ್’ ಎಂಬ ಸಂಘವನ್ನು ಕಟ್ಟಿಕೊಂಡು, ತಾವು ಬರೆದ ಕ್ರಮವಿಧಿಗಳನ್ನೂ ಪಡೆದ ಅನುಭವವನ್ನೂ ಪರಸ್ಪರ ಹಂಚಿಕೊಂಡರು. ಕಂಪನಿಯ ನೆರವಿಗೂ ಪ್ರತ್ಯೇಕ ಶುಲ್ಕವಿರಲಿಲ್ಲ. ಇದನ್ನು ಔದಾರ್ಯವೆಂದು ಬಣ್ಣಿಸುವವರುಂಟು, ಅದು ಸರಿಯಲ್ಲ. ನೆರವಿನ ವೆಚ್ಚವೆಲ್ಲ ಯಂತ್ರದ ಬಾಡಿಗೆಯಲ್ಲಿಯೇ ಅಡಗಿತ್ತು. ನೆರವು ಬೇಡದವನೂ ಅದನ್ನು ತೆರುತ್ತಿದ್ದನು.

1969ರ ಜನವರಿ 17ರಂದು ಅಮೆರಿಕದ ಸರಕಾರವು ಐಬಿಎಂ ಮೇಲೆ ಏಕಸ್ವಾಮ್ಯದ ಮೊಕದ್ದಮೆಯನ್ನು ಹೂಡಿತು. ಅದೇ ವರ್ಷ ಜೂನ್ 23ರಂದು ಕಂಪನಿಯು ತಜ್ಞರ ನೆರವು, ಶಿಕ್ಷಣ, ಹೊಸ ಕ್ರಮವಿಧಿಗಳು ಇವುಗಳಿಗೆ ಬೇರೆ ಬೇರೆ ಬೆಲೆಯನ್ನು ಘೋಷಿಸಿತು. ಯಂತ್ರದ ಬೆಲೆಯಲ್ಲಿ ಇಳಿಸಿದ್ದು ಕೇವಲ ಶೇಕಡಾ 3. ಈ ವಿಭಜನೆಯಿಂದ ಸ್ವತಂತ್ರ ತಂತ್ರಾಂಶೋದ್ಯಮಕ್ಕೆ ನೆಲೆ ದೊರಕಿತೆಂಬುದು ನಿಜ. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದರಲ್ಲಿಯೂ ವಿವಾದವಿಲ್ಲ. ಆದರೆ ಹೊಸ ಸೌಕರ್ಯವನ್ನು ಸೇರಿಸುವ ದುಡಿಮೆ ಬೇರೆ, ಮಾರಿದ ವಸ್ತುವಿನಲ್ಲಿ ಮೊದಲಿನಿಂದಲೂ ಇದ್ದ ಕೊರತೆಯನ್ನು ತುಂಬುವ ದುಡಿಮೆ ಬೇರೆ. ಮುಂದಿನ ದಶಕಗಳ ಬೆಂಬಲ ಒಪ್ಪಂದಗಳಲ್ಲಿ ಈ ಎರಡೂ ಒಂದೇ ಗಂಟಿನಲ್ಲಿ ಸೇರಿಹೋದುವು.

ಇದಕ್ಕೆ ಒಂದು ನಿದರ್ಶನ ಸಾಕು. ಸನ್ ಸಂಸ್ಥೆಯು ಸೋಲಾರಿಸ್‌ನ ಭದ್ರತೆಗೆ ಸಂಬಂಧಿಸಿದ ತೇಪೆಗಳನ್ನು ಒಪ್ಪಂದವಿಲ್ಲದವರಿಗೂ ಒದಗಿಸುತ್ತಿತ್ತು. 2010ರಲ್ಲಿ ಅದು ಒರಾಕಲ್ ವಶವಾದ ಮೇಲೆ ಒಪ್ಪಂದವು ಅನಿವಾರ್ಯವಾಯಿತು.

ಈ ಬೆರಕೆಯ ಫಲವು ಸ್ಪಷ್ಟವಾಗಿ ಕಂಡುದು ಬ್ರಿಟನ್ನಿನಲ್ಲಿ. 2014ರ ಏಪ್ರಿಲ್ 8ರಂದು ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಬ್ರಿಟಿಷ್ ಸರಕಾರವು ಸುಮಾರು 55 ಲಕ್ಷ ಪೌಂಡುಗಳನ್ನು ತೆತ್ತು ಒಂದು ವರ್ಷದ ವಿಶೇಷ ಬೆಂಬಲವನ್ನು ಕೊಂಡಿತು. ಮರುವರ್ಷ ಅದನ್ನು ಮುಂದುವರಿಸಲಿಲ್ಲ. 2017ರ ಮೇ 12ರಂದು ‘ವಾನ್ನಾಕ್ರೈ’ ಎಂಬ ಸುಲಿಗೆಯ ತಂತ್ರಾಂಶವು ಹಬ್ಬಿ, ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ ಟ್ರಸ್ಟುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ತೊಂದರೆಗೊಳಗಾದುವು. ಸಾವಿರಾರು ರೋಗಿಗಳ ಭೇಟಿಗಳು ರದ್ದಾದುವು. ಅಲ್ಲಿಯವರೆಗೆ ಹಣ ತೆತ್ತವರಿಗಷ್ಟೇ ಮೀಸಲಾಗಿದ್ದ ಎಕ್ಸ್‌ಪಿಯ ತೇಪೆಯನ್ನು ಮೈಕ್ರೋಸಾಫ್ಟ್ ಆಗ ಎಲ್ಲರಿಗೂ ತೆರೆದಿಟ್ಟಿತು.

ಆದರೂ ಹಾನಿಯನ್ನೆಲ್ಲ ಶುಲ್ಕದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆರೋಗ್ಯ ಸೇವೆಯಲ್ಲಿ ಸೋಂಕು ತಗಲಿದ ಯಂತ್ರಗಳ ಪೈಕಿ ಹೆಚ್ಚಿನವು ವಿಂಡೋಸ್ 7ರವು. ಅವುಗಳಿಗೆ ಬೇಕಾದ ತೇಪೆಯು ಮಾರ್ಚ್ 14ರಿಂದಲೇ ಬೆಲೆಯಿಲ್ಲದೆ ದೊರೆಯುತ್ತಿತ್ತು, ಹಚ್ಚಿದವರಿರಲಿಲ್ಲ. ತಯಾರಕನ ನಿಲುವು ಮಾತ್ರ ಈ ಘಟನೆಯ ತರುವಾಯ ಕೊಂಚ ಬದಲಾದಂತೆ ಕಾಣುತ್ತದೆ. 2019ರ ಮೇ 14ರಂದು ‘ಬ್ಲೂಕೀಪ್’ ಎಂಬ ಇನ್ನೊಂದು ದೋಷವನ್ನು ಪ್ರಕಟಿಸಿದ ದಿನವೇ, ದಾಳಿಯನ್ನು ಕಾಯದೆ, ಎಕ್ಸ್‌ಪಿಯ ಬಳಕೆದಾರರಿಗೂ ತೇಪೆಯನ್ನು ಉಚಿತವಾಗಿ ನೀಡಲಾಯಿತು.