ಆವೆಮಣ್ಣಿನ ಹಂಗೇರಿಯನ್

1947ರಲ್ಲಿ ಯೋಜೆಫ್ ಆಶ್ಬೋತನು ಫ್ರೆಂಚ್ ಟೆನಿಸ್ ಚಾಂಪಿಯನ್‌ಷಿಪ್ಪನ್ನು ಗೆದ್ದು, 1966ರಲ್ಲಿ ಇಶ್ತ್ವಾನ್ ಗುಯಾಶನು ಅದೇ ಸ್ಪರ್ಧೆಯ ಅಂತಿಮ ಘಟ್ಟಕ್ಕೇರಿ, ಎದುರಾಳಿ ಟೋನಿ ರೋಶನ ಕಾಲುನೋವನ್ನು ಕಂಡು ಪಂದ್ಯವನ್ನು ಒಂದು ದಿನ ಮುಂದೂಡಲು ಸಮ್ಮತಿಸಿ, ಬಳಿಕ ಅವನಿಗೇ ಸೋತ ಹಂಗೇರಿಯ ಆ ಉದಾತ್ತ ಪರಂಪರೆಯಲ್ಲಿ ಬಂದವನು, 1954ರಲ್ಲಿ ಬುಡಾಪೆಸ್ಟಿನಲ್ಲಿ ಜನಿಸಿದ ಬಾಲಾಜ್ ತಾರೋತ್ಸಿ.

ಚೆಂಡು ನಿಧಾನವಾಗಿ ಪುಟಿದೇಳುವುದರಿಂದ ಬಲಕ್ಕಿಂತ ತಾಳ್ಮೆಗೂ ಯುಕ್ತಿಗೂ ಬೆಲೆ ಹೆಚ್ಚಾದ ಆವೆಮಣ್ಣಿನ ಅಂಗಣವೇ ಅವನ ಸ್ವಕ್ಷೇತ್ರ. ನೆದರ್ಲೆಂಡ್ಸಿನ ಹಿಲ್ವರ್ಸಮ್ ಪಟ್ಟಣದಲ್ಲಿ ನಡೆಯುತ್ತಿದ್ದ ಡಚ್ ಓಪನ್ ಪ್ರಶಸ್ತಿಯನ್ನು 1976ರಲ್ಲೊಮ್ಮೆಯೂ, 1978ರಿಂದ 1982ರವರೆಗೆ ಎಡೆಬಿಡದೆ ಪ್ರತಿವರ್ಷವೂ ಗೆದ್ದುಕೊಂಡ ಆತನು, ತನ್ನ 13 ಸಿಂಗಲ್ಸ್ ಪ್ರಶಸ್ತಿಗಳಲ್ಲಿ ಹತ್ತಿರಹತ್ತಿರ ಅರ್ಧವನ್ನು ಆ ಒಂದೇ ಊರಿನಲ್ಲಿ ಸಂಪಾದಿಸಿದನೆಂಬುದು ಸೋಜಿಗವೇ ಸರಿ.

ಸ್ವಿಟ್ಜರ್ಲೆಂಡಿನ ಹೈನ್ಸ್ ಗುಂಟ್‌ಹಾರ್ಟನೊಡಗೂಡಿ 1981ರಲ್ಲಿ ಆವೆಮಣ್ಣಿನ ಮೇಲೆಯೇ ನಡೆಯುವ ಫ್ರೆಂಚ್ ಡಬಲ್ಸನ್ನು ಗೆದ್ದುದರಲ್ಲಿ ಅಂಥ ಅಚ್ಚರಿಯೇನಿಲ್ಲ; ಆದರೆ 1985ರಲ್ಲಿ ವಿಂಬಲ್ಡನ್ನಿನ ಹುಲ್ಲಿನ ಮೇಲೆ, ಅಂತಹ ಅಂಗಣದಲ್ಲೇ ಪಳಗಿದ ಆಸ್ಟ್ರೇಲಿಯದ ಪ್ಯಾಟ್ ಕ್ಯಾಶ್ ಮತ್ತು ಜಾನ್ ಫಿಟ್ಸ್‌ಜೆರಾಲ್ಡರನ್ನು ಇದೇ ಜೋಡಿ ನಾಲ್ಕು ಸೆಟ್ಟುಗಳಲ್ಲಿ ಮಣಿಸಿದ್ದು ಬೇರೆಯೇ ಮಾತು. ಅದೇ ಕೂಟದಲ್ಲಿ 17ರ ಹರೆಯದ ಬೋರಿಸ್ ಬೆಕರನು ಸಿಂಗಲ್ಸ್ ಕಿರೀಟವನ್ನು ಧರಿಸಿ ಜಗತ್ತಿನ ಕಣ್ಣನ್ನೆಲ್ಲ ತನ್ನತ್ತ ಸೆಳೆದುಕೊಂಡಿರಲು, ಮೂವತ್ತು ದಾಟಿದ ಹಂಗೇರಿಯನ್ನನ ಈ ಜಯವನ್ನು ನೆನೆಯುವವರು ವಿರಳರಾದುದು ಸಹಜವಾದರೂ ನ್ಯಾಯವಲ್ಲ.