ಯುಗಳಗೀತೆಯ ಎರಡು ಕಂಠಗಳು

ನಮ್ಮ ಸಿರುಗುಪ್ಪ ಸೀಮೆಯ ಇತಿಹಾಸವನ್ನು ಬರೆಯಲು ಹೊರಟವರು ನಿಟ್ಟೂರು ಮತ್ತು ಉಡೇಗೋಳಗಳ ಅಶೋಕಶಾಸನಗಳಿಂದ ಪ್ರಾರಂಭಿಸುವುದು ರೂಢಿ. ‘ದೇವಾನಾಂಪ್ರಿಯ’ನೆಂಬ ಬಿರುದಿನ ಹಿಂದೆ ಇತರೆಡೆಗಳಲ್ಲಿ ಮರೆಯಾಗಿದ್ದ ಅರಸನ ಹೆಸರು ಇಲ್ಲಿಯ ಬಂಡೆಗಳ ಮೇಲೆ ಸ್ಪಷ್ಟವಾಗಿ ಉಳಿದಿರುವುದೇ ಆ ಶಾಸನಗಳ ಹಿರಿಮೆ. ಹೆಸರಿಲ್ಲದ ವಾಣಿಗೆ ಹೆಸರನ್ನು ದೊರಕಿಸುವುದು ಇತಿಹಾಸಕಾರನ ಮೊದಲ ಧರ್ಮವೆಂಬುದು ಇದರಿಂದ ವೇದ್ಯವಾಗುವುದು. ಇದೇ ಧರ್ಮವನ್ನು ಹಿಡಿದು, ವಾಚಕರು ಪ್ರತಿದಿನವೂ ಕೇಳುತ್ತಿದ್ದರೂ ಚರಿತ್ರೆಯೆಂದು ಎಣಿಸದ ಒಂದು ವಸ್ತುವನ್ನು ಇಲ್ಲಿ ವಿಚಾರಿಸುವೆವು. ಅದು ಚಲಚ್ಚಿತ್ರದ ಪ್ರಣಯ ಯುಗಳಗೀತೆ.

ಯುಗಳಗೀತೆಗೆ ಎರಡು ಕಂಠಗಳು ಬೇಕು, ಅವುಗಳಲ್ಲೊಂದು ಸ್ತ್ರೀಕಂಠವಾಗಿರಬೇಕು. ಇಂದು ಇದು ಹೇಳಬೇಕಾದ ಮಾತೇ ಅಲ್ಲವೆನಿಸೀತು. ಆದರೆ ನಮ್ಮ ಹಿರಿಯರ ಕಾಲದಲ್ಲಿ ಹಾಗಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಬಳ್ಳಾರಿಯ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸವಿನೋದಿನೀ ಸಭೆಯನ್ನು ಕಟ್ಟಿ, ತಮ್ಮ ತೆಲುಗು ನಾಟಕಗಳಲ್ಲಿ ಹಾಡುಗಳನ್ನು ಅಳವಡಿಸಿದರು. ಆ ಕಾಲದ ರಂಗದ ಮೇಲೆ ನಾಯಕನೂ ಪುರುಷನೇ, ನಾಯಿಕೆಯೂ ಪುರುಷನೇ. ವಿರಹಿಣಿಯ ಅಳಲನ್ನು ಮೀಸೆ ಬೋಳಿಸಿದ ನಟನು ಹಾಡಬೇಕಾಗಿತ್ತು. ರಂಗಕ್ಕೇರಿದ ಹೆಣ್ಣಿಗೆ ಮನೆತನದ ಗೌರವವು ತಪ್ಪುವುದೆಂಬ ಭೀತಿಯೇ ಇದರ ಮೂಲ.

ಆಚಾರ್ಯರ ಸೋದರಳಿಯರಾದ ಬಳ್ಳಾರಿ ರಾಘವರು (1880–1946) ಈ ಕಟ್ಟನ್ನು ಮುರಿಯಲು ಹೆಣಗಿದವರಲ್ಲಿ ಅಗ್ರಗಣ್ಯರು. ಸ್ತ್ರೀಪಾತ್ರವನ್ನು ಸ್ತ್ರೀಯೇ ಧರಿಸಬೇಕೆಂದು ಅವರು ವಾದಿಸಿದರು. ವಾದಿಸಿದುದಷ್ಟೇ ಅಲ್ಲದೆ ವಿದ್ಯಾವತಿಯರಾದ ನಟಿಯರೊಡನೆ ತಾವೇ ಅಭಿನಯಿಸಿ ತೋರಿಸಿದರು. ಮುಂದೆ ‘ದ್ರೌಪದೀ ಮಾನಸಂರಕ್ಷಣಂ’ (1936), ‘ರೈತು ಬಿಡ್ಡ’ (1939) ಮೊದಲಾದ ತೆಲುಗು ವಾಕ್ಚಿತ್ರಗಳಲ್ಲಿಯೂ ಪಾತ್ರ ವಹಿಸಿದರು. ಕನ್ನಡದಲ್ಲಿ ಗುಬ್ಬಿ ವೀರಣ್ಣನವರ ಕಂಪೆನಿಯು ನಟಿಯರಿಗೆ ಸ್ಥಾನವಿತ್ತು, ಬಿ. ಜಯಮ್ಮನವರಂತಹ ಗಾಯಕಿ-ನಟಿಯರನ್ನು ನಾಡಿಗೆ ಪರಿಚಯಿಸಿತು.

1934ನೆಯ ಇಸವಿ ಮಾರ್ಚಿಯಲ್ಲಿ ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ‘ಸತೀ ಸುಲೋಚನಾ’ದಲ್ಲಿ ಸುಬ್ಬಯ್ಯನಾಯ್ಡು ಅವರೂ ತ್ರಿಪುರಾಂಬಾ ಅವರೂ ನಾಯಕ-ನಾಯಿಕೆಯರು. ಆಗ ಅಭಿನಯಿಸುವವರೇ ಹಾಡಬೇಕು. ವಾದ್ಯದವರು ಛಾಯಾಗ್ರಾಹಕಯಂತ್ರದ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ನುಡಿಸಬೇಕು. ಅಂತೂ ಹೆಣ್ಣಿನ ಮುಖವೂ ಹೆಣ್ಣಿನ ಕಂಠವೂ ಒಂದೇ ದೇಹದಲ್ಲಿ ತೆರೆಯ ಮೇಲೆ ಕಾಣಿಸಿಕೊಂಡವು. ಆ ಚಿತ್ರದ ಪ್ರತಿಯೊಂದೂ ಇಂದು ಉಳಿದಿಲ್ಲವೆಂಬುದು ವಿಷಾದದ ಸಂಗತಿ.

ಆದರೆ ಈ ಐಕ್ಯವು ಬಹುಕಾಲ ಬಾಳಲಿಲ್ಲ. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯವರು ನಿತಿನ್ ಬೋಸ್ ಅವರ ‘ಭಾಗ್ಯಚಕ್ರ’ ಚಿತ್ರದಲ್ಲಿ, ಹಾಡನ್ನು ಮೊದಲೇ ಮುದ್ರಿಸಿಕೊಂಡು ಅನಂತರ ಅದಕ್ಕೆ ತಕ್ಕಂತೆ ಅಭಿನಯ ಮಾಡಿಸುವ ಹಿನ್ನೆಲೆಗಾಯನದ ಪದ್ಧತಿಯನ್ನು ಬಳಕೆಗೆ ತಂದರು. ಅಲ್ಲಿಂದ ಮುಂದೆ ಮುಖವೇ ಬೇರೆ, ಕಂಠವೇ ಬೇರೆ. ಕನ್ನಡದ ಹಾಡುಗಳಲ್ಲಿ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ಮುದ್ರಣವಾಗುತ್ತಿದ್ದವು. ಗಾಯಕರೂ ವಾದ್ಯಗಾರರೂ ಒಟ್ಟಿಗೆ ಕೂಡಿ ಹಾಡಬೇಕಾಗಿದ್ದ ಆ ದಿನಗಳಲ್ಲಿ ಒಬ್ಬರು ಶ್ರುತಿ ತಪ್ಪಿದರೆ ಎಲ್ಲರೂ ಮೊದಲಿನಿಂದ ತೊಡಗಬೇಕು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷಗಳಿಗೆ ಸ್ವಲ್ಪ ಹೆಚ್ಚಾಗಿ ಮಾತ್ರ ತಿರುಗುತ್ತಿದ್ದುದರಿಂದ ಪ್ರಣಯವೆಲ್ಲವೂ ಆ ಅವಧಿಯೊಳಗೇ ಅಡಕವಾಗಬೇಕಾಗಿತ್ತು.

ಇದರ ಫಲವಾಗಿ ಕಂಠದ ಒಡತಿಯು ಮತ್ತೆ ಮರೆಗೆ ಸರಿದಳು. ಇದಕ್ಕೊಂದು ನಿದರ್ಶನವುಂಟು. 1949ರ ಹಿಂದೀ ಚಿತ್ರ ‘ಮಹಲ್’ನ ಪ್ರಸಿದ್ಧ ಗೀತೆಯ ಮುದ್ರಿಕೆಯ ಮೇಲೆ ಮೊದಲು ಅಚ್ಚಾಗಿದ್ದುದು ಹಾಡಿದ ಲತಾ ಮಂಗೇಶ್ಕರರ ಹೆಸರಲ್ಲ, ಕಥೆಯೊಳಗಿನ ‘ಕಾಮಿನಿ’ ಎಂಬ ಪಾತ್ರದ ಹೆಸರು! ಹಿಂದೆ ಹೆಣ್ಣಿನ ಪಾತ್ರವನ್ನು ಗಂಡು ಅಪಹರಿಸಿದ್ದನು. ಈಗ ಹೆಣ್ಣಿನ ಕೀರ್ತಿಯನ್ನು ಕಲ್ಪಿತ ಪಾತ್ರವೇ ಅಪಹರಿಸಿತು.

ನಮ್ಮ ಜಿಲ್ಲೆಗೂ ಈ ಕಥೆಯಲ್ಲಿ ಪಾಲುಂಟು. 1945ರಲ್ಲಿ ಬಳ್ಳಾರಿಯಲ್ಲಿ ಜನಿಸಿ ‘ಜೇನುಗೂಡು’ (1963) ಚಿತ್ರದಿಂದ ಬೆಳಕಿಗೆ ಬಂದ ಜಯಂತಿಯವರು ರಾಜಕುಮಾರರೊಡನೆ ಹಲವು ಚಿತ್ರಗಳಲ್ಲಿ ನಾಯಿಕೆಯಾದರು. ಅವರ ಕಣ್ಣು, ಹುಬ್ಬು, ನಗೆಗಳಿಗೆ ಕಂಠದಾನ ಮಾಡಿದವರು ಬೇರೆ ಗಾಯಕಿಯರು. ರಾಜಕುಮಾರರಿಗಾದರೂ ಬಹುಕಾಲ ಕಾಕಿನಾಡೆಯಲ್ಲಿ ಹುಟ್ಟಿದ ಪಿ. ಬಿ. ಶ್ರೀನಿವಾಸರೇ ಹಾಡಿದರು. ಹೀಗೆ ತೆರೆಯ ಮೇಲೆ ಇಬ್ಬರು ಪ್ರೇಮಿಗಳಾದರೆ, ಆ ಪ್ರೇಮಕ್ಕೆ ನಾಲ್ವರು ಬೇಕಾಗುತ್ತಿದ್ದರು.

1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ತರುವಾಯ ಈ ಲೆಕ್ಕವು ಒಂದು ಪಕ್ಕದಲ್ಲಿ ಬದಲಾಯಿತು. ಗುಬ್ಬಿ ಕಂಪೆನಿಯಲ್ಲಿ ಪಳಗಿದ್ದ ರಾಜಕುಮಾರರು ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. 1983ರ ‘ಕವಿರತ್ನ ಕಾಳಿದಾಸ’ ಚಿತ್ರದ ‘ಸದಾ ಕಣ್ಣಲಿ’ ಎಂಬ ಯುಗಳಗೀತೆಯನ್ನು ತೆಗೆದುಕೊಳ್ಳೋಣ. ಸಾಹಿತ್ಯ ಚಿ. ಉದಯಶಂಕರರದು; ರಾಗಸಂಯೋಜನೆ ಎಂ. ರಂಗರಾಯರದು. ಕಾಳಿದಾಸನ ಮುಖವೂ ಕಂಠವೂ ರಾಜಕುಮಾರರವೇ. ರಾಜಕುಮಾರಿಯ ಮುಖವು ಆಂಧ್ರದ ಜಯಪ್ರದಾ ಅವರದು. ಕಂಠವು ವೇಲೂರಿನಲ್ಲಿ ಹುಟ್ಟಿದ ವಾಣಿ ಜಯರಾಂ ಅವರದು. ಕೇಳುವವರಿಗಾದರೋ ಈ ಬೆಸುಗೆ ಎಲ್ಲಿಯೂ ತೋರದು. ಮಾತೃಭಾಷೆಯಲ್ಲದ ನುಡಿಯಲ್ಲಿ ಅಷ್ಟು ಶುದ್ಧವಾದ ಉಚ್ಚಾರಣೆಯನ್ನೂ ಅಷ್ಟು ಕೋಮಲವಾದ ಭಾವವನ್ನೂ ತುಂಬುವುದು ಸಾಮಾನ್ಯ ಸಾಧನೆಯಲ್ಲ. ಮನೆಯಲ್ಲೊಂದು ನುಡಿ, ಸಂತೆಯಲ್ಲೊಂದು ನುಡಿಯಾಗಿ, ಕನ್ನಡ-ತೆಲುಗುಗಳ ಮೇರೆಯಲ್ಲಿ ಬಾಳುವ ಸಿರುಗುಪ್ಪದ ಜನರಿಗೆ ಇದರ ಬೆಲೆ ಚೆನ್ನಾಗಿ ತಿಳಿದೀತು.

ಆದರೂ ಮನೆಮನೆಗಳಲ್ಲಿ ಈ ಹಾಡು ಕೇಳಿಬಂದಾಗ “ಅಣ್ಣಾವ್ರ ಹಾಡು” ಎನ್ನುವರೇ ಹೊರತು ಇನ್ನೊಂದು ಕಂಠದ ಹೆಸರನ್ನು ಎತ್ತುವವರು ವಿರಳ. ಆ ಮಹನೀಯರ ಗಾಯನಕ್ಕೆ ಸಲ್ಲುವ ಗೌರವದಲ್ಲಿ ನಾವು ಎಳ್ಳಷ್ಟನ್ನೂ ಕಡಿಮೆ ಮಾಡಬಯಸೆವು. ಆದರೆ ಯುಗಳವೆಂದ ಬಳಿಕ ಕೀರ್ತಿಯೂ ಯುಗಳವಾಗಿರಬೇಡವೇ? ವಾಣಿ ಜಯರಾಂ ಅವರು 2023ರಲ್ಲಿ ಗತಿಸಿದರು. ನಮ್ಮ ಜಯಂತಿಯವರು 2021ರಲ್ಲಿಯೇ ತೀರಿಕೊಂಡಿದ್ದರು. ಒಬ್ಬರದು ಕಂಠ, ಒಬ್ಬರದು ಮುಖ. ಇಬ್ಬರೂ ಹುಟ್ಟಿದುದು 1945ರಲ್ಲಿ. ರಾಘವರು ಯಾವ ಸ್ಥಾನವನ್ನು ಹೆಣ್ಣಿಗೆ ಕೊಡಿಸಲು ಹೋರಾಡಿದರೋ ಆ ಸ್ಥಾನವನ್ನು ಇಂತಹವರು ತಮ್ಮ ದುಡಿಮೆಯಿಂದ ತುಂಬಿದರು.

ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಲಿಪಿಕಾರನು ಕೊನೆಯಲ್ಲಿ ‘ಚಪಡ’ನೆಂದು ತನ್ನ ಹೆಸರನ್ನೂ ಕಾಣಿಸಿದ್ದಾನೆ. ವಚನವು ಅರಸನದಾದರೂ ಅಕ್ಷರ ತನ್ನದೆಂಬ ಆತ್ಮಗೌರವ ಅವನಿಗಿತ್ತು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಂಡೆಯು ಆ ಹೆಸರನ್ನು ಕಾಪಾಡಿಕೊಂಡು ಬಂದಿದೆ. ನಮ್ಮ ಮನೆಗಳಲ್ಲಿ ದಿನವೂ ಮೊಳಗುವ ಕಂಠಗಳ ಒಡತಿಯರ ಹೆಸರನ್ನು ಮಕ್ಕಳಿಗೆ ಹೇಳಿಕೊಡುವುದು ಅದಕ್ಕಿಂತ ಕಷ್ಟದ ಕೆಲಸವೇನೂ ಅಲ್ಲ.