ಕಡಲ ತಳದ ಮೊದಲ ಚಿತ್ರ

ನೀರಿನೊಳಗೆ ಅಡಗಿದವರ ಕಥೆ ನಮ್ಮ ಕಾವ್ಯಗಳಿಗೆ ಹೊಸದಲ್ಲ. ರನ್ನನ ದುರ್ಯೋಧನನು ವೈಶಂಪಾಯನ ಸರೋವರವನ್ನು ಹೊಕ್ಕ ಪ್ರಸಂಗವನ್ನು ನಾನು ಮೂವತ್ತು ವರ್ಷಗಳಿಗೂ ಮಿಗಿಲಾಗಿ ತರಗತಿಗಳಲ್ಲಿ ಪಾಠ ಹೇಳಿದ್ದೇನೆ. ಆ ನೀರಿನಡಿಯಲ್ಲಿ ಅವನ ಕಣ್ಣಿಗೆ ಏನು ಕಂಡಿತು ಎಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ, ಹೆಚ್ಚೇನೂ ಕಂಡಿರಲಾರದು ಎನ್ನಬೇಕಾಗಿತ್ತು. ಗಾಳಿಯಲ್ಲಿ ನೋಡುವುದಕ್ಕೆಂದು ರೂಪುಗೊಂಡ ಮನುಷ್ಯನ ಕಣ್ಣಿಗೆ ನೀರಿನೊಳಗೆ ಎಲ್ಲವೂ ಮಸುಕು.

ಈ ಪ್ರಶ್ನೆ ನನ್ನನ್ನು ಕಾಡುವುದಕ್ಕೆ ಬೇರೊಂದು ಕಾರಣವೂ ಉಂಟು. ನಾನು ಹುಟ್ಟಿದ ಮನೆ ಇಂದು ಶರಾವತಿಯ ಹಿನ್ನೀರಿನ ಅಡಿಯಲ್ಲಿದೆ. ೧೯೬೪ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು ನಿಂತಾಗ ನಾನು ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗು. ಆ ಮನೆಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ನನ್ನ ತಾಯಿ ಕೊನೆಯ ವರ್ಷಗಳಲ್ಲಿ, “ನೀರಿನೊಳಗೂ ಫೋಟೋ ತೆಗೆಯುತ್ತಾರಂತಲ್ಲ, ಹೌದೇನೋ?” ಎಂದು ಒಮ್ಮೆ ಕೇಳಿದಳು. ಹೌದೆಂದೆ. ಯಾರು ತೆಗೆದರು, ಹೇಗೆ ತೆಗೆದರು ಎಂಬುದು ಆಗ ನನಗೆ ತಿಳಿಯದು. ಆಮೇಲೆ ಓದಿ ತಿಳಿದುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಈ ಕಥೆ ಇಂಗ್ಲೆಂಡಿನ ದಕ್ಷಿಣ ತೀರದ ವೇಮತ್ ಎಂಬ ಊರಿನಲ್ಲಿ ಆರಂಭವಾಗುತ್ತದೆ. ವಿಲಿಯಂ ಥಾಂಪ್ಸನ್ ಅಲ್ಲಿನ ಒಬ್ಬ ವಕೀಲ. ಕಡಲ ಜೀವಿಗಳ ಬಗೆಗೆ ಆಸಕ್ತಿಯಿದ್ದವನು. ಬಿರುಗಾಳಿಯ ದಿನವೊಂದರಲ್ಲಿ, ಅಲೆಗಳ ಹೊಡೆತಕ್ಕೆ ಸಿಕ್ಕ ಸೇತುವೆಯನ್ನು ನೋಡುತ್ತ, ನೀರಿನ ಅಡಿಯಲ್ಲಿ ಅದರ ಕಂಬಗಳಿಗೆ ಎಷ್ಟು ಹಾನಿಯಾಗಿದ್ದೀತು ಎಂದು ಯೋಚಿಸಿದ. ಮುಳುಗುಗಾರರನ್ನು ಇಳಿಸುವುದು ದುಬಾರಿಯ ಕೆಲಸ. ಅದರ ಬದಲು ಕ್ಯಾಮರಾವನ್ನೇ ಏಕೆ ಇಳಿಸಬಾರದು? ಹೀಗೆ ಕಡಲೊಳಗಿನ ಛಾಯಾಗ್ರಹಣದ ಹುಟ್ಟಿಗೆ ಕಾರಣವಾದದ್ದು ಸೌಂದರ್ಯದ ಹಂಬಲವಲ್ಲ, ಒಂದು ಸೇತುವೆಯ ಚಿಂತೆ.

೧೮೫೬ರಲ್ಲಿ ಆತ ಮರದ ಪೆಟ್ಟಿಗೆಯೊಂದನ್ನು ಮಾಡಿಸಿ, ಮುಂಭಾಗಕ್ಕೆ ಗಾಜನ್ನು ಕೂರಿಸಿ, ಒಳಗೆ ಕ್ಯಾಮರಾವನ್ನಿಟ್ಟ. ಸ್ನೇಹಿತನೊಬ್ಬನ ಜೊತೆಗೆ ಸಣ್ಣ ದೋಣಿಯಲ್ಲಿ ಹೋಗಿ, ಸುಮಾರು ೧೮ ಅಡಿ ಆಳಕ್ಕೆ ಅದನ್ನು ಇಳಿಸಿದ. ದೋಣಿಯಲ್ಲಿ ಕುಳಿತೇ ಹಗ್ಗ ಎಳೆದು ಮುಚ್ಚಳ ತೆರೆದು, ಹತ್ತು ನಿಮಿಷಗಳಷ್ಟು ಕಾಲ ಬೆಳಕಿಗೆ ಒಡ್ಡಿದ. ಅಂದಿನ ಕೊಲೋಡಿಯನ್ ಫಲಕ ಆರುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಮೇಲಕ್ಕೆಳೆದು ನೋಡಿದರೆ ಕ್ಯಾಮರಾದೊಳಗೆ ಉಪ್ಪುನೀರು ನುಗ್ಗಿತ್ತು. ಆದರೂ ಫಲಕದ ಮೇಲೆ ಮಸುಕಾಗಿ ಕೆಲವು ಬಂಡೆಗಳೂ ಕಡಲಕಳೆಯೂ ಮೂಡಿದ್ದವು. ಮನುಷ್ಯನು ಕಡಲ ತಳದಲ್ಲಿ ತೆಗೆದ ಮೊದಲ ಚಿತ್ರ ಅದು.

ಥಾಂಪ್ಸನ್ ಅದನ್ನು ಮುಂದುವರಿಸಲಿಲ್ಲ. ಸೇತುವೆಯ ಬಿರುಕನ್ನು ತೋರಿಸಬೇಕಾದ ಉಪಾಯದಿಂದ ಕಲ್ಲು, ಕಳೆ ಮಾತ್ರ ಕಂಡವು, ಅದೂ ಅಸ್ಪಷ್ಟ. ಹಾಗಾಗಿ ಮುಂದಿನ ಹೆಜ್ಜೆಗೆ ಮೂವತ್ತೇಳು ವರ್ಷ ಕಾಯಬೇಕಾಯಿತು.

ಆ ಹೆಜ್ಜೆಯನ್ನಿಟ್ಟವನು ಲೂಯಿ ಬುತಾನ್ ಎಂಬ ಫ್ರೆಂಚ್ ಜೀವಶಾಸ್ತ್ರಜ್ಞ. ಮೆಡಿಟರೇನಿಯನ್ ತೀರದ ಬಾನ್ಯುಲ್ಸ್ ಎಂಬಲ್ಲಿರುವ ಅರಾಗೋ ಪ್ರಯೋಗಶಾಲೆಯಲ್ಲಿ ಆತ ಕೆಲಸ ಮಾಡುತ್ತಿದ್ದ. ಥಾಂಪ್ಸನ್ ದೋಣಿಯಲ್ಲಿಯೇ ಉಳಿದು ಕ್ಯಾಮರಾವನ್ನು ಇಳಿಸಿದ್ದ. ಬುತಾನ್ ಲೋಹದ ಶಿರಸ್ತ್ರಾಣ ತೊಟ್ಟು, ಭಾರವಾದ ಮುಳುಗು ಉಡುಪಿನಲ್ಲಿ ತಾನೇ ಇಳಿದ. ಎಂಜಿನಿಯರನಾದ ಅವನ ಸೋದರ ಅಗಸ್ಟ್ ನೀರು ನುಗ್ಗದ ಕ್ಯಾಮರಾ ಪೆಟ್ಟಿಗೆಯನ್ನು ರಚಿಸಿಕೊಟ್ಟ. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆಂಬುದು ನಿಮಗೆ ಗೊತ್ತು. ಆ ಒತ್ತಡಕ್ಕೆ ಪೆಟ್ಟಿಗೆ ಬಿರಿಯದಿರಲೆಂದು ಅದಕ್ಕೆ ಗಾಳಿ ತುಂಬಿದ ರಬ್ಬರ್ ಚೀಲವನ್ನು ಜೋಡಿಸಿದ್ದರು. ಹೊರಗಿನ ನೀರು ಚೀಲವನ್ನು ಒತ್ತಿದಷ್ಟೂ ಪೆಟ್ಟಿಗೆಯ ಒಳಗಿನ ಗಾಳಿಯ ಒತ್ತಡವೂ ಏರುತ್ತಿತ್ತು. ೧೮೯೩ರಲ್ಲಿ ಬುತಾನ್ ಚಿತ್ರ ತೆಗೆದ. ಆದರೆ ಸಹಜ ಬೆಳಕಿನಲ್ಲಿ ಒಂದೊಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಹಿಡಿಯುತ್ತಿತ್ತು. ಅಷ್ಟು ಹೊತ್ತು ಯಾವ ಮೀನು ನಿಂತೀತು?

ಬೆಳಕು ಕೆಳಗೆ ಇಲ್ಲದಿದ್ದರೆ ಮೇಲಿನಿಂದ ಕೊಂಡೊಯ್ಯಬೇಕು. ಷೋಫೂರ್ ಎಂಬ ವಿದ್ಯುತ್ ತಜ್ಞ, ಆಮ್ಲಜನಕ ತುಂಬಿದ ಗಾಜಿನ ಬುರುಡೆಯಲ್ಲಿ ಮೆಗ್ನೀಸಿಯಮ್ ತಂತಿಯನ್ನಿಟ್ಟು ವಿದ್ಯುತ್ತಿನಿಂದ ಉರಿಸುವ ಉಪಾಯ ಹೂಡಿದ. ಬೆಳಕು ಒಂದೇ ಸಮನಾಗಿರಲಿಲ್ಲ; ಬುರುಡೆ ಸಿಡಿಯುವ ಅಪಾಯವೂ ಇತ್ತು. ಬಳಿಕ ಆಮ್ಲಜನಕ ತುಂಬಿದ ದೊಡ್ಡ ಮರದ ಪೀಪಾಯಿಯ ಮೇಲೆ ಗಾಜಿನ ಗಂಟೆಯೊಳಗೆ ಸ್ಪಿರಿಟ್ ದೀಪವನ್ನಿಟ್ಟು, ರಬ್ಬರ್ ಗುಂಡನ್ನು ಹಿಸುಕಿ ಮೆಗ್ನೀಸಿಯಮ್ ಪುಡಿಯನ್ನು ಜ್ವಾಲೆಗೆ ಊದಿದರು. ನೀರಿನ ನಡುವೆ ಬೆಂಕಿ ಹೊತ್ತಿಸಿದ ಈ ಸಾಹಸದ ವಿವರವೆಲ್ಲ ಬುತಾನ್ ೧೯೦೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. ಈ ವಿಷಯವನ್ನು ಕುರಿತ ಮೊದಲ ಪುಸ್ತಕವದು.

ಇನ್ನು ಬಣ್ಣದ ಮಾತು. ನೀರು ಬೆಳಕಿನ ಎಲ್ಲ ಬಣ್ಣಗಳನ್ನೂ ಸಮನಾಗಿ ಬಿಡುವುದಿಲ್ಲ. ಕೆಲವೇ ಮೀಟರುಗಳ ಆಳದಲ್ಲಿ ಕೆಂಪು ಮಾಯವಾಗುತ್ತದೆ, ಕಿತ್ತಳೆ, ಹಳದಿ ಅದನ್ನು ಹಿಂಬಾಲಿಸುತ್ತವೆ, ಉಳಿಯುವುದು ನೀಲಿ. ಕೆಳಗೆ ಬೆರಳು ಗಾಯಗೊಂಡರೆ ರಕ್ತವೂ ಕೆಂಪಾಗಿ ಕಾಣದು. ೧೯೨೬ರಲ್ಲಿ ಅಮೆರಿಕದ ಫ್ಲಾರಿಡಾದ ಬಳಿಯ ಡ್ರೈ ಟಾರ್ಟುಗಾಸ್ ದ್ವೀಪಗಳಲ್ಲಿ ವಿಲಿಯಂ ಲಾಂಗ್ಲಿ ಎಂಬ ವಿಜ್ಞಾನಿ ಮತ್ತು ಚಾರ್ಲ್ಸ್ ಮಾರ್ಟಿನ್ ಎಂಬ ಛಾಯಾಗ್ರಾಹಕ ಈ ತೊಡಕನ್ನು ಎದುರಿಸಿದರು. ಬಣ್ಣ ಕಟ್ಟಿದ ಆಲೂಗಡ್ಡೆ ಪಿಷ್ಟದ ಕಣಗಳನ್ನು ಹರಡಿದ ಆಟೋಕ್ರೋಮ್ ಫಲಕಗಳು ಬಹಳ ನಿಧಾನದವು. ಆದುದರಿಂದ ತೆಪ್ಪದ ಮೇಲೆ ಮೆಗ್ನೀಸಿಯಮ್ ಪುಡಿಯ ರಾಶಿಯನ್ನಿಟ್ಟು, ಕೆಳಗಿನ ಕ್ಯಾಮರಾ ತೆರೆದ ಕ್ಷಣಕ್ಕೆ ಸರಿಯಾಗಿ ಅದನ್ನು ಸಿಡಿಸಿದರು. ಒಮ್ಮೆ ಪುಡಿ ಅಕಾಲದಲ್ಲಿ ಸಿಡಿದು ಲಾಂಗ್ಲಿಗೆ ಸುಟ್ಟ ಗಾಯಗಳಾದವು. ಅವರು ತೆಗೆದ ಮೀನುಗಳ ವರ್ಣಚಿತ್ರಗಳು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ೧೯೨೭ರ ಜನವರಿ ಸಂಚಿಕೆಯಲ್ಲಿ ಅಚ್ಚಾದವು.

ಮುಂದಿನ ಕಥೆ ತ್ವರಿತವಾದುದು. ೧೯೪೩ರಲ್ಲಿ ಕೂಸ್ತೋ ಮತ್ತು ಗಾನ್ಯಾನ್ ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಾಧನವನ್ನು ಸಿದ್ಧಪಡಿಸಿದರು. ಮುಳುಗುಗಾರ ಕೊಳವೆಯ ಕಟ್ಟಿನಿಂದ ಬಿಡುಗಡೆ ಪಡೆದ. ಕೂಸ್ತೋನ ಬಳಗದ ಝಾನ್ ದ ವೂಟರ್ಸ್ ಕಲ್ಪಿಸಿದ ಕ್ಯಾಮರಾ ೧೯೬೩ರಲ್ಲಿ ನಿಕೊನೋಸ್ ಎಂಬ ಹೆಸರಿನಿಂದ ಹೊರಬಂದು, ಹೊರಪೆಟ್ಟಿಗೆಯ ಹಂಗಿಲ್ಲದೆ ನೀರಿಗಿಳಿಯಿತು. ೨೦೦೧ರಲ್ಲಿ ಅದರ ತಯಾರಿಕೆ ನಿಂತರೂ ಈ ಕಲೆ ಸಾಮಾನ್ಯರ ಕೈಗೆ ಬಂದದ್ದು ಅದರಿಂದಲೇ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಕಡಲಿಗಿಳಿದು ಚಿತ್ರ ತೆಗೆಯುತ್ತಾನೆ. ಹೊಸಬರಿಗೆ ಏನು ಹೇಳಿಕೊಡುತ್ತೀಯೆ ಎಂದು ಕೇಳಿದೆ. ಮೊದಲು ಕ್ಯಾಮರಾವನ್ನೇ ಮುಟ್ಟಬಾರದಂತೆ. ಏಳದೆ, ಮುಳುಗದೆ, ಹವಳವನ್ನು ತಾಗದೆ, ಮರಳನ್ನು ಕೆದರದೆ ನೀರಿನಲ್ಲಿ ನಿಲ್ಲಲು ಕಲಿಯಬೇಕು. ಆಮೇಲೆ ದೀಪವನ್ನು ಪಕ್ಕಕ್ಕೆ ಚಾಚಿ ಹಿಡಿಯಬೇಕು. ನೇರ ಬೆಳಕು ಬಿದ್ದರೆ ತೇಲುವ ಕಸವೆಲ್ಲ ಹಿಮದಂತೆ ಹೊಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ಹತ್ತಿರ ಹೋಗುವುದು. ನಮಗೂ ವಸ್ತುವಿಗೂ ನಡುವೆ ನೀರು ಕಡಿಮೆಯಿದ್ದಷ್ಟು ಚಿತ್ರ ನಿಚ್ಚಳ. ವಸ್ತು ಇದ್ದುದಕ್ಕಿಂತ ಕಾಲು ಭಾಗ ಸಮೀಪವಾಗಿ ಕಾಣುವುದರಿಂದ, ಹತ್ತಿರ ಬಂದೆವೆಂದು ಅನಿಸಿದ ಮೇಲೂ ಇನ್ನಷ್ಟು ಹೋಗಬೇಕಂತೆ.

ಆ ಮಾತು ಕೇಳಿದಾಗ ನನಗೆ ನಮ್ಮ ಮನೆಯ ನೆನಪಾಯಿತು. ಹಿನ್ನೀರು ಹವಳದ ಕಡಲಲ್ಲ, ತಳವೆಲ್ಲ ಹೂಳು. ನಮ್ಮದು ಮಣ್ಣಿನ ಗೋಡೆಯ ಮನೆ. ಅರವತ್ತು ವರ್ಷ ನೀರಿನಲ್ಲಿ ಅದೇನು ಉಳಿದೀತು? ಎಷ್ಟು ಹತ್ತಿರ ಹೋದರೂ ಕಾಣುವುದು ಅಂಗಳದ ತುಳಸಿಕಟ್ಟೆಯ ನಾಲ್ಕು ಕಲ್ಲು, ಅವುಗಳ ಮೇಲಿನ ಪಾಚಿ, ಅಷ್ಟೇ. ಅಂಥದೇ ಕಲ್ಲು, ಅಂಥದೇ ಕಳೆ ಕಂಡು ಥಾಂಪ್ಸನ್ ತನ್ನ ಪೆಟ್ಟಿಗೆಯನ್ನು ಬದಿಗಿಟ್ಟ. ಆದರೆ ಅಂಥ ಒಂದು ಮಸುಕು ಫಲಕವನ್ನು ಯಾರಾದರೂ ನನ್ನ ತಾಯಿಯ ಕೈಗೆ ಕೊಟ್ಟಿದ್ದರೆ, ಅವಳು ಅದನ್ನು ದೇವರ ಗೂಡಿನಲ್ಲಿಟ್ಟುಕೊಳ್ಳುತ್ತಿದ್ದಳು.